ಮುದ್ರೆಯ ಬಟ್ಟು, ಕಚ್ಚಾ ಚೀಟಿ

ನಮ್ಮ ಅಂಗಡಿಯ ತಕ್ಕಡಿ ಒಂದು ದಿನವೂ ಸುಳ್ಳು ಹೇಳಿದ್ದಿಲ್ಲ. ಕೋಲಾರದ ಕಡೆಯ ಒಂದು ಪುಟ್ಟ ಪೇಟೆಯಲ್ಲಿ ಮೊದಲು ಅಪ್ಪ, ಆಮೇಲೆ ನಾನು, ಹಿತ್ತಾಳೆ ತಾಮ್ರ ಸ್ಟೀಲಿನ ಪಾತ್ರೆ ಮಾರಿಕೊಂಡು ಬದುಕಿದವರು. ಯಾರ ಮನೆಯಲ್ಲಾದರೂ ಮದುವೆ ಗೊತ್ತಾದರೆ ‘ಪಾತ್ರೆಗೆ ಅವರ ಅಂಗಡಿಗೇ ಹೋಗಿ, ತೂಕದಲ್ಲಿ ಮೋಸ ಇಲ್ಲ’ ಅನ್ನುತ್ತಿದ್ದರು. ಆ ಮಾತನ್ನು ಊರವರ ಬಾಯಲ್ಲಿ ಕೇಳಿದ್ದಕ್ಕಿಂತ ನಾನೇ ಹೆಚ್ಚು ಸಲ ಹೇಳಿಕೊಂಡಿದ್ದೇನೆ. 2022ರಲ್ಲಿ ಅಂಗಡಿ ಮುಚ್ಚಿದೆ. ಅಲ್ಲಿಂದೀಚೆಗೆ ಆ ಮಾತು ಗಂಟಲಲ್ಲೇ ಅರ್ಧಕ್ಕೆ ನಿಲ್ಲುತ್ತಿದೆ. ಯಾಕೆ ಅಂತ ಬರೆದು ನೋಡಿದರೆ ತಿಳಿದೀತೇನೋ ಎಂದು ಕೂತಿದ್ದೇನೆ.

ಹಿತ್ತಾಳೆ ಪಾತ್ರೆಯ ವ್ಯಾಪಾರವೆಂದರೆ ತೂಕದ ವ್ಯಾಪಾರ. ಬಿಂದಿಗೆಗೆ ಇಷ್ಟು, ಕೊಳಗಕ್ಕೆ ಇಷ್ಟು ಅಂತ ಬೆಲೆ ಹೇಳುವುದಿಲ್ಲ, ಕೆಜಿಗೆ ಇಷ್ಟು. ಆದ್ದರಿಂದ ಮೋಸವೂ ತೂಕದಲ್ಲೇ. ದೊಡ್ಡ ಹಂಡೆಯ ಕಂಠ ನೋಡಿ: ಅಂಚನ್ನು ಮಡಿಸಿರುತ್ತಾರೆ, ಆ ಮಡಿಕೆಯೊಳಗೆ ಕಬ್ಬಿಣದ ತಂತಿ ಇರುತ್ತದೆ. ತಂತಿ ಬೇಕು, ಇಲ್ಲದಿದ್ದರೆ ಕಂಠ ಸೊಟ್ಟಗಾಗುತ್ತದೆ. ಆದರೆ ಕಬ್ಬಿಣದ ತೂಕಕ್ಕೂ ಹಿತ್ತಾಳೆಯ ರೇಟು ಹಾಕುವುದು ಬೇರೆ ಮಾತು. ದೀಪದ ಕಂಬದ ಬುಡದಲ್ಲಿ ಪೊಳ್ಳಿದ್ದರೆ ಅದರೊಳಗೆ ಅರಗು ತುಂಬಿ ತೂಗುವವರಿದ್ದರು. ಅಪ್ಪ ಹಂಡೆ ತೂಗಿದ ಮೇಲೆ ತಂತಿಗೆಂದು ಅಂದಾಜಿನಲ್ಲಿ ಕಳೆದೇ ಬರೆಯುತ್ತಿದ್ದರು. ಗಿರಾಕಿ ಕೇಳದಿದ್ದರೂ ಕಳೆಯುತ್ತಿದ್ದರು. ನಾನೂ ಹಾಗೇ ಮಾಡಿದೆ. ಹಳೆಯ ಪಾತ್ರೆ ತಂದು ಬದಲಿಗೆ ಹೊಸದು ಕೇಳುವವರಿಗೆ ತೇಮಾನು ಎಷ್ಟು ಹಿಡಿಯುತ್ತೇನೆ ಅಂತ ಮೊದಲೇ ಹೇಳುತ್ತಿದ್ದೆ. ತೂಗುವಾಗ ಮುಳ್ಳು ನಿಲ್ಲುವವರೆಗೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುವುದು ನನ್ನ ಪದ್ಧತಿ. ಅದು ಸ್ವಲ್ಪ ನಾಟಕವೂ ಹೌದು, ಈಗ ಒಪ್ಪಿಕೊಳ್ಳುತ್ತೇನೆ.

ಈ ಚಾಳಿ ಅಂಗಡಿಯಿಂದಾಚೆಗೂ ನನ್ನ ಜೊತೆ ಬರುತ್ತಿತ್ತು. ಸಿಹಿ ಅಂಗಡಿಯಲ್ಲಿ ರಟ್ಟಿನ ಡಬ್ಬ ಸಮೇತ ಮೈಸೂರು ಪಾಕು ತೂಗಿದರೆ ಡಬ್ಬ ಖಾಲಿ ಮಾಡಿಸಿ ಮೊದಲು ಅದನ್ನು ತೂಗಿಸುತ್ತಿದ್ದೆ. ಪೆಟ್ರೋಲ್ ಬಂಕಿನವರು ಮುದ್ರೆ ಬಿದ್ದ ಐದು ಲೀಟರಿನ ಅಳತೆ ಪಾತ್ರೆ ಇಟ್ಟುಕೊಂಡಿರಬೇಕು, ಗಿರಾಕಿ ಕೇಳಿದರೆ ಅದರಲ್ಲಿ ಹಿಡಿದು ತೋರಿಸಬೇಕು ಎಂಬ ನಿಯಮವಿದೆ. ಊರಲ್ಲಿ ಅದನ್ನು ಕೇಳಿ ನೋಡಿದವನು ಬಹುಶಃ ನಾನೊಬ್ಬನೇ. ನನ್ನ ಹೆಂಡತಿ ನನ್ನೊಂದಿಗೆ ಪೇಟೆಗೆ ಬರುವುದನ್ನೇ ಬಿಟ್ಟಳು.

ಅಪ್ಪನಿಗೆ ಈ ನಿಷ್ಠೆ ಸುಮ್ಮನೆ ಬಂದದ್ದಲ್ಲ. ಅವರು ವ್ಯಾಪಾರ ಕಲಿತ ಕಾಲದಲ್ಲಿ ಸೇರು ಅಂದರೆ ಯಾವ ಸೇರು ಅಂತ ಕೇಳಬೇಕಿತ್ತು. ನಮ್ಮ ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಈಗಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಪಕ್ಕಾ ಸೇರು 80 ತೊಲ, 933 ಗ್ರಾಂ. ಗಡಿ ದಾಟಿ ತಮಿಳು ಸೀಮೆಗೆ ಹೋದರೆ ಮಾತು ವೀಶೆಯಲ್ಲಿ. ಒಂದು ವೀಶೆಗೆ ನಮ್ಮ ಐದು ಕಚ್ಚಾ ಸೇರು, ಹೆಚ್ಚು ಕಡಿಮೆ ಒಂದು ಕಿಲೋ ನಾನೂರು ಗ್ರಾಂ. ಈ ‘ಹೆಚ್ಚು ಕಡಿಮೆ’ಯಲ್ಲೇ ಎಷ್ಟೋ ಜನ ಮಹಡಿ ಮನೆ ಕಟ್ಟಿದರು. ಸೇರು ಎಂದಷ್ಟೇ ಹೇಳಿ ಯಾವುದೆಂದು ಹೇಳದಿದ್ದರೆ ಆಯಿತು, ಸುಳ್ಳು ಹೇಳಿದ ಪಾಪವೂ ಇಲ್ಲ.

1956ನೇ ಇಸವಿಯನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ನವೆಂಬರ್ 1ಕ್ಕೆ ಭಾಷಾವಾರು ರಾಜ್ಯಗಳಾಗಿ ಗಡಿಗಳು ಹೊಸದಾಗಿ ಬಿದ್ದವು. ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. ಗಡಿ ದಾಟುವ ಸರಕಿನ ಮೇಲೆ ಕೇಂದ್ರ ಮಾರಾಟ ತೆರಿಗೆ ಹಾಕುವ ಕಾಯ್ದೆಯೂ ಅದೇ ಡಿಸೆಂಬರಿನದು. ಗಡಿ, ಬಟ್ಟು, ತೆರಿಗೆ, ಎರಡು ತಿಂಗಳೊಳಗೆ ಮೂರೂ. ತೂಕದ ಕಾಯ್ದೆಯನ್ನು ಅಪ್ಪ ಹಬ್ಬದಂತೆ ಬರಮಾಡಿಕೊಂಡರು. 1958ರ ಅಕ್ಟೋಬರಿನಿಂದ ಮೆಟ್ರಿಕ್ ಬಟ್ಟುಗಳು ಬರತೊಡಗಿ 1962ರ ಏಪ್ರಿಲ್ ಹೊತ್ತಿಗೆ ಸೇರು, ಮಣ, ವೀಶೆಗಳು ಅಂಗಡಿಯಿಂದ ಕಾನೂನಿನ ಪ್ರಕಾರ ಹೊರಬಿದ್ದವು. ಆರು ಮೂಲೆಯ ಆ ಕಬ್ಬಿಣದ ಬಟ್ಟುಗಳ ಗುಳಿಯಲ್ಲಿ ಸೀಸ ತುಂಬಿ, ಸೀಸದ ಮೇಲೆ ಇಲಾಖೆಯ ಮುದ್ರೆ ಒತ್ತುತ್ತಾರೆ. ಎರಡು ವರ್ಷಕ್ಕೊಮ್ಮೆ ಮತ್ತೆ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಅಪ್ಪ ಆ ದಿನ ಬಟ್ಟುಗಳನ್ನು ಹುಣಸೆಹಣ್ಣು ಹಾಕಿ ತೊಳೆದ ಹಿತ್ತಾಳೆಯ ತಟ್ಟೆಯಲ್ಲಿಟ್ಟುಕೊಂಡು, ದೇವಸ್ಥಾನಕ್ಕೆ ಹೋದ ಹಾಗೆ ಹೋಗುತ್ತಿದ್ದರು.

ತೆರಿಗೆಯ ಕಾಯ್ದೆಯನ್ನು ಮಾತ್ರ ಅವರು ಬರಮಾಡಿಕೊಳ್ಳಲಿಲ್ಲ. ‘ಅದು ಗೌರ್ಮೆಂಟಿಂದು’ ಅನ್ನುತ್ತಿದ್ದರು. ಬಟ್ಟೂ ಗೌರ್ಮೆಂಟಿಂದೇ ತಾನೆ ಅಂತ ನಾನು ಯಾವತ್ತೂ ಕೇಳಲಿಲ್ಲ.

ಅಲ್ಲಿಗೆ, ಸೇರಿನ ಜೊತೆ ಹೊರಗೆ ಹೋಗಿದ್ದ ‘ಕಚ್ಚಾ’, ‘ಪಕ್ಕಾ’ ಎಂಬ ಮಾತುಗಳು ಬಿಲ್ಲಿನ ಜೊತೆ ಹಿಂಬಾಗಿಲಿಂದ ಒಳಗೆ ಬಂದವು.

ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತದ್ದು ಎಪ್ಪತ್ತರ ದಶಕದ ಕೊನೆಗೆ. ಹಿತ್ತಾಳೆ ಮಾಲು ತರುತ್ತಿದ್ದದ್ದು ಕುಂಭಕೋಣದಿಂದ. ಆ ಊರಿನ ಸುತ್ತ ಕಂಚುಗಾರರ ಮನೆಗಳು ತಲೆತಲಾಂತರದಿಂದ ಇವೆ. ಪಕ್ಕದ ನಾಚ್ಚಿಯಾರ್‌ಕೋವಿಲ್ ಎಂಬಲ್ಲಿ ಎರಕ ಹೊಯ್ಯುವ ದೀಪದ ಕಂಬಗಳಿಗೆ ಆಮೇಲೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಅಲ್ಲಿಂದ ಸೇಲಂ, ಧರ್ಮಪುರಿ, ಕೃಷ್ಣಗಿರಿ ದಾಟಿ ಬರುವ ಲಾರಿ ಹೊಸೂರು ಹಿಡಿದರೆ ಅತ್ತಿಬೆಲೆಯಲ್ಲಿ ಚೆಕ್‌ಪೋಸ್ಟು. ಕುಪ್ಪಂ ಕಡೆಯ ಒಳದಾರಿ ಹಿಡಿದರೆ ಮೂರು ರಾಜ್ಯಗಳ ಮಣ್ಣು ತುಳಿದು ಕೆಜಿಎಫ್ ಕಡೆಯಿಂದ ಬರಬಹುದು. ನಮ್ಮ ಕಡೆಯವರಿಗೆ ಗಡಿ ಅಂದರೆ ಮೂರು ಭಾಷೆ, ಮೂರು ಸಿನಿಮಾ, ಮೂರು ಬಗೆಯ ಬಸ್ಸು. ತೆರಿಗೆ ಇದ್ದದ್ದು ಲಾರಿಯವರಿಗೆ ಮಾತ್ರ ಕಾಣುವ ಒಂದು ಗೆರೆಯಲ್ಲಿ.

ಆ ಗೆರೆಯ ಲೆಕ್ಕ ಹೀಗಿತ್ತು. ಹೊರರಾಜ್ಯದಿಂದ ಕೊಂಡರೆ ಶೇ 4 ಕೇಂದ್ರ ಮಾರಾಟ ತೆರಿಗೆ. ಅದೂ ನಾನು ನೋಂದಾಯಿತ ವ್ಯಾಪಾರಿ, ಮತ್ತೆ ಮಾರಲು ಕೊಂಡಿದ್ದೇನೆ ಅಂತ ಸಿ-ಫಾರಂ ಬರೆದು ಮಾರಿದವನಿಗೆ ಕಳಿಸಿದರೆ. ಕಳಿಸದಿದ್ದರೆ ಶೇ 10, ಅಥವಾ ಅಲ್ಲಿನ ರಾಜ್ಯದ ದರ ಅದಕ್ಕಿಂತ ಹೆಚ್ಚಿದ್ದರೆ ಅದು. ಸಿ-ಫಾರಂ ಅಂಗಡಿಯಲ್ಲಿ ಸಿಗುವ ಕಾಗದವಲ್ಲ; ನಮ್ಮ ತೆರಿಗೆ ಕಚೇರಿಗೆ ಹೋಗಿ, ಹಿಂದಿನ ಲೆಕ್ಕ ಒಪ್ಪಿಸಿ ತರಬೇಕಿತ್ತು. ಆಮೇಲೆ ನಮ್ಮ ರಾಜ್ಯದ ಮಾರಾಟ ತೆರಿಗೆ. ಎಷ್ಟೋ ಸರಕುಗಳಿಗೆ ರಾಜ್ಯದೊಳಗೆ ಮೊದಲು ಮಾರಿದವನ ಮೇಲೆ ಪೂರ್ತಿ ತೆರಿಗೆ ಬೀಳುವ ಪದ್ಧತಿ ಆಗ. ಹೊರಗಿನಿಂದ ನೇರವಾಗಿ ತಂದವನು ಅಲ್ಲೇ ಸಿಕ್ಕಿಬೀಳುತ್ತಿದ್ದ. ಗಡಿಯಾಚೆ ಕಟ್ಟಿದ ನಾಲ್ಕು ಪರ್ಸೆಂಟು ಇಲ್ಲಿನ ತೆರಿಗೆಯಲ್ಲಿ ಕಳೆಯುವ ಹಾಗೂ ಇರಲಿಲ್ಲ. 2005ರಲ್ಲಿ ವ್ಯಾಟ್ ಬಂದಮೇಲೂ ಅದು ಮುಳುಗಿದ ದುಡ್ಡೇ. ತೆರಿಗೆಯ ಮೇಲೆ ತೆರಿಗೆ. ಈ ದೂರು ಸುಳ್ಳಲ್ಲ. ಆದರೆ ನಾನು ಈ ದೂರನ್ನು ಯಾರ ಮುಂದೆ ಹೇಳಿದೆ? ಬಿಲ್ ಬರೆಯುವಾಗ ನನ್ನ ಮುಂದೆಯೇ ಹೇಳಿಕೊಂಡೆ. ನಾನೇ ವಾದಿ, ನಾನೇ ಜಡ್ಜು. ತೀರ್ಪು ಬೇಗ ಬಂತು.

ಕುಂಭಕೋಣದ ಯಜಮಾನರು ನನ್ನನ್ನು ‘ತಂಬೀ’ ಅನ್ನುತ್ತಿದ್ದರು. ‘ಎಷ್ಟು ಬಿಲ್ಲಿಗೆ, ಎಷ್ಟು ಚೀಟಿಗೆ ತಂಬೀ?’ ಇಷ್ಟೇ ಪ್ರಶ್ನೆ. ಪಕ್ಕಾ ಬಿಲ್ಲಿನಲ್ಲಿ ಅರ್ಧ, ಕಚ್ಚಾ ಚೀಟಿಯಲ್ಲಿ ಉಳಿದರ್ಧ. ಬಿಲ್ಲಿನದು ಡಿಡಿ, ಚೀಟಿಯದು ನಗದು. ಚೆಕ್‌ಪೋಸ್ಟಿನಲ್ಲಿ ಕಾಗದ ನೋಡಿ ಬಂಡಲ್ ಎಣಿಸುತ್ತಿದ್ದರು, ತೂಗುವುದು ಅಪರೂಪ. ಆದ್ದರಿಂದ ಬಂಡಲ್ಲಿನ ಸಂಖ್ಯೆ ಸರಿಯಾಗಿಯೇ ಬರೆಯಬೇಕಿತ್ತು, ಹದಿನಾಲ್ಕಕ್ಕೆ ಹದಿನಾಲ್ಕು. ಒಂದೊಂದು ಬಂಡಲ್ಲಿನ ತೂಕ ಮಾತ್ರ ಕಡಿಮೆ. 52 ಕೆಜಿ ಇದ್ದದ್ದು ಬಿಲ್ಲಿನಲ್ಲಿ 30. ಹಿತ್ತಾಳೆ ಬಿಂದಿಗೆಯ ಒಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕ ಚೊಂಬು; ಹೊರಗಿನಿಂದ ನೋಡಿದರೆ ಗೋಣಿ ಒಂದೇ ಗಾತ್ರ.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಅಂತ ನಮ್ಮಲ್ಲಿ ಗಾದೆಯಿದೆ. ಈ ಗಾದೆ ಕಟ್ಟಿದವನು ಖಂಡಿತ ನನ್ನಂಥ ಒಬ್ಬ ವ್ಯಾಪಾರಿಯೇ. ಸುಂಕದವನು ಅಂದರೆ ಕಲ್ಲು, ನಾವು ಅಂದರೆ ಕಣ್ಣೀರು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರರಿದ್ದರು, ಸುಂಕ ವಸೂಲಿಯೇ ಅವರ ಕಾಯಕ. ಶಿವನ ಮುಂದೆ ಮಡಿವಾಳ, ಅಂಬಿಗ, ಸುಂಕದವ ಎಲ್ಲ ಒಂದೇ ಪಂಕ್ತಿ. ಅದನ್ನು ಬಸವ ಜಯಂತಿಯ ಭಾಷಣದಲ್ಲಿ ಕೇಳಿ ತಲೆದೂಗಿ, ಮರುದಿನ ಬೆಳಿಗ್ಗೆ ಚೀಟಿ ಮಾಲು ಇಳಿಸಿಕೊಂಡವನು ನಾನು.

ಇಲ್ಲಿಯವರೆಗೆ ಬರೆದದ್ದು ಊರಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಯಾವ ವ್ಯಾಪಾರಿಯನ್ನು ಕೇಳಿದರೂ ನಗುತ್ತ ಒಪ್ಪಿಕೊಳ್ಳುತ್ತಾನೆ. ನಗುತ್ತ ಒಪ್ಪಿಕೊಳ್ಳಲಾಗದ ಎರಡು ಸಂಗತಿಗಳಿವೆ.

ಮೊದಲನೆಯದು ಮಗಳದು. ಅವಳ ಅಕ್ಷರ ಮುತ್ತಿನಂತೆ. ಏಳನೇ ಕ್ಲಾಸಿನಲ್ಲಿದ್ದಾಗ ಸಂಜೆ ಅಂಗಡಿಗೆ ಬಂದು ನನ್ನ ಎದುರು ಕೂತು ಲೆಕ್ಕ ಬರೆದುಕೊಡುತ್ತಿದ್ದಳು. ಕೆಂಪು ಬಟ್ಟೆಯ ಪುಸ್ತಕ ಒಂದು, ಅದು ಆಡಿಟರಿಗೆ. ಇನ್ನೊಂದು ನೂರು ಪುಟದ ನೋಟುಬುಕ್ಕು, ಅದು ನಮಗೆ. ನಾನು ಓದಿ ಹೇಳುವುದು, ಅವಳು ಬರೆಯುವುದು. ಒಂದು ದಿನ ಪೆನ್ನು ನಿಲ್ಲಿಸಿ ಕೇಳಿದಳು: ‘ಅಪ್ಪ, ಇದರಲ್ಲಿ ಐವತ್ತೆರಡು ಅಂದೆ, ಅದರಲ್ಲಿ ಮೂವತ್ತು ಅಂದೆ. ಯಾವುದು ಸರಿ?’

‘ಎರಡೂ ಸರಿ ಕಣಮ್ಮ. ಇದು ನಮಗೆ, ಅದು ಅವರಿಗೆ.’

ಅವಳು ಒಂದು ಕ್ಷಣ ನನ್ನ ಮುಖ ನೋಡಿ ಬರೆದಳು. ಹಿಂದಿನ ವಾರವಷ್ಟೇ ಅವಳಿಗೆ ಅದೇ ಜಾಗದಲ್ಲಿ ಕೂತು ಕಚ್ಚಾ ಸೇರು, ಪಕ್ಕಾ ಸೇರಿನ ಕಥೆ ಹೇಳಿ, ಅಳತೆ ಅಂದರೆ ಊರಿಗೊಂದು ಇರಬಾರದು, ಅದಕ್ಕೇ ಮುದ್ರೆ ಹಾಕುತ್ತಾರೆ ಅಂತ ತಿಳಿಸಿದ್ದೆ. ಒಂದೇ ಬಂಡಲ್ಲಿಗೆ ಮನೆಯೊಳಗೊಂದು, ಹೊರಗೊಂದು ತೂಕ ಇರಬಹುದು ಅಂತಲೂ ನನ್ನಿಂದಲೇ ಕಲಿತಳು. ಆ ನೋಟುಬುಕ್ಕನ್ನು ಈಚೆಗೆ ಅಟ್ಟ ಖಾಲಿ ಮಾಡುವಾಗ ನೋಡಿದೆ. ನಿಜವಾದ ತೂಕದ ಪಕ್ಕದಲ್ಲಿ ಮಕ್ಕಳು ಹಾಕುವಂಥ ಒಂದು ಪುಟ್ಟ ಹೂವು ಬಿಡಿಸಿದ್ದಳು.

ಎರಡನೆಯದು ಲಾರಿ ಡ್ರೈವರನದು. 1998ರ ಬೇಸಿಗೆ, ಮದುವೆ ಸೀಜನ್ನು. ಗಡಿಯ ಒಂದು ಚೆಕ್‌ಪೋಸ್ಟಿನಲ್ಲಿ ಹೊಸದಾಗಿ ಬಂದ ಅಧಿಕಾರಿಯೊಬ್ಬರಿಗೆ ಬಂಡಲ್ ಎತ್ತಿ ಇಳಿಸುವವನ ಮುಖ ನೋಡಿ ಅನುಮಾನ ಬಂತಂತೆ. ಮೂವತ್ತು ಕೆಜಿ ಎತ್ತುವವನು ಅಷ್ಟು ಹಲ್ಲು ಕಚ್ಚುವುದಿಲ್ಲ. ಹತ್ತಿರದ ಮಂಡಿಯಿಂದ ಕಾಟಾ ತರಿಸಿ ನನ್ನ ಬಂಡಲ್ಲುಗಳನ್ನು ಒಂದೊಂದಾಗಿ ತೂಗಿಸಿದರು. ಅದು ಪಾರ್ಸೆಲ್ ಲಾರಿ. ಹತ್ತು ಜನ ವ್ಯಾಪಾರಿಗಳ ಮಾಲು ಇತ್ತು. ಎಲ್ಲವೂ ನಿಂತಿತು. ಡ್ರೈವರ್ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡಿದ. ‘ಸಾಮಿ, ತೂಕ ಬೇರೆ ಬಂದೈತೆ ಅಂತಾರೆ. ನನಗೇನು ಗೊತ್ತು ಅಂದರೆ ಕೇಳ್ತಿಲ್ಲ. ನೀವೊಂದು ಮಾತು ಹೇಳಿ.’

ನಾನು ಹೇಳಿದ ಮಾತು: ‘ನನಗೂ ಗೊತ್ತಿಲ್ಲಪ್ಪ. ಅಲ್ಲಿ ತುಂಬಿಸಿಕೊಂಡು ಬಂದವನು ನೀನು.’

ಅವನು ಎರಡು ರಾತ್ರಿ ಅಲ್ಲೇ ಲಾರಿಯ ಕೆಳಗೆ ಮಲಗಿದ. ಮೂರನೇ ದಿನ ಕುಂಭಕೋಣದ ಯಜಮಾನರಿಂದ ‘ಗುಮಾಸ್ತನ ಕೈತಪ್ಪು’ ಅಂತ ಒಂದು ಪತ್ರ ತರಿಸಿಕೊಂಡು ನಾನು ಹೋಗಿ ದಂಡ ಕಟ್ಟಿ ಬಿಡಿಸಿಕೊಂಡು ಬಂದೆ. ಅಧಿಕಾರಿ ಜೋರಾಗಿ ಮಾತಾಡಲಿಲ್ಲ, ಕೈಯನ್ನೂ ಚಾಚಲಿಲ್ಲ. ರಸೀದಿ ಕೊಟ್ಟರು. ಅದು ನನಗೆ ಹೆಚ್ಚು ಕಸಿವಿಸಿ ಮಾಡಿತು. ಲಂಚ ಕೇಳಿದ್ದರೆ ಬೈದುಕೊಂಡಾದರೂ ಬರಬಹುದಿತ್ತು. ಹತ್ತು ಜನ ವ್ಯಾಪಾರಿಗಳು ತಡವಾಯಿತೆಂದು ಲಾರಿ ಆಫೀಸಿನ ಮೇಲೆ ಬಿದ್ದರು, ಲಾರಿ ಆಫೀಸಿನವರು ಡ್ರೈವರನ ಮೇಲೆ. ಅವನನ್ನು ಆ ರೂಟಿನಿಂದ ತೆಗೆದರು ಅಂತ ಆಮೇಲೆ ತಿಳಿಯಿತು. ಒಂದು ಸಲ ಅಂಗಡಿಗೆ ಬಂದ. ಜಗಳಕ್ಕೆ ಬಂದವನಲ್ಲ, ಸುಮ್ಮನೆ ನಿಂತ. ನಾನು ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್ ತೆಗೆದು ‘ಮನೆಗೆ ಇಟ್ಟುಕೋ’ ಅಂದೆ. ಕೊಡುವ ಮುಂಚೆ ಕೈ ತನ್ನಷ್ಟಕ್ಕೆ ಅದನ್ನು ತಕ್ಕಡಿಗೆ ಇಟ್ಟಿತು. ಮುಳ್ಳು ನಿಲ್ಲುವವರೆಗೆ ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಅವನು ಕ್ಯಾರಿಯರ್ ತೆಗೆದುಕೊಳ್ಳದೆ ಹೋದ.

ಈ ಘಟನೆಯಾದ ಮೇಲೆ ನಾನು ಸರಿಹೋದೆ ಅಂತ ಬರೆಯಬಹುದಿತ್ತು. ಆಗಿದ್ದು ಬೇರೆ: ಎರಡು ತಿಂಗಳು ಪೂರ್ತಿ ಬಿಲ್ಲಿನಲ್ಲಿ ತರಿಸಿದೆ, ಮೂರನೇ ತಿಂಗಳು ಒಳದಾರಿ ಹಿಡಿದೆ. ಆ ಚೀಟಿ ಮಾಲಿನಿಂದ ನನಗೆ ಉಳಿದದ್ದಾದರೂ ಎಷ್ಟು? ಮೊನ್ನೆ ಹಳೇ ಲೆಕ್ಕ ಹಿಡಿದು ಕೂಡಿಸಿ ನೋಡಿದೆ. ಒಂದು ಲೋಡಿಗೆ ಮಗಳ ಒಂದು ವರ್ಷದ ಸ್ಕೂಲ್ ಫೀಸಿನಷ್ಟೂ ಇಲ್ಲ. ಅದರಲ್ಲೂ ಒಂದು ಪಾಲು ಗಿರಾಕಿಗೇ ಬಿಟ್ಟುಕೊಡುತ್ತಿದ್ದೆ. ‘ಬಿಲ್ ಬೇಕಾದರೆ ಟ್ಯಾಕ್ಸ್ ಸೇರುತ್ತೆ, ಬೇಡ ಅಂದರೆ ಈ ರೇಟು’ ಅನ್ನುವುದು ನಮ್ಮ ನಿತ್ಯದ ಮಾತು. ಬೇಕು ಅಂದವರನ್ನು ಬೆರಳಲ್ಲಿ ಎಣಿಸಬಹುದು. ಅಲ್ಲಿಗೆ ‘ತೂಕದಲ್ಲಿ ಮೋಸವಿಲ್ಲ, ರೇಟೂ ಕಡಿಮೆ’ ಎಂಬ ಹೆಸರು. ಆ ಕಡಿಮೆ ರೇಟು ಎಲ್ಲಿಂದ ಬಂತು ಅಂತ ಊರೂ ಕೇಳಲಿಲ್ಲ. ಊರ ರಸ್ತೆಯ ಗುಂಡಿಯ ಬಗ್ಗೆ ಮಾತ್ರ ನಾವೆಲ್ಲ ಅಂಗಡಿಯ ಮೆಟ್ಟಿಲ ಮೇಲೆ ಕೂತು ದಿನವೂ ಮಾತಾಡುತ್ತಿದ್ದೆವು.

ತೂಕದ ಕಳ್ಳತನವೆಂದರೆ ನನಗೆ ಮೈಯುರಿ, ತೆರಿಗೆಯದು ಅಂದರೆ ಜಾಣತನ. ಎರಡಕ್ಕೂ ನಡುವೆ ನಾನು ಇಟ್ಟುಕೊಂಡಿದ್ದ ವ್ಯತ್ಯಾಸ ಸರಳ. ತಕ್ಕಡಿಯ ಆಚೆಗೆ ಒಂದು ಮುಖ ಇರುತ್ತದೆ: ಸೆರಗಿನ ತುದಿಯಲ್ಲಿ ದುಡ್ಡು ಕಟ್ಟಿಕೊಂಡು ಬಂದ ಮುದುಕಿ, ಮಗಳ ಮದುವೆಗೆ ರೇಷ್ಮೆಗೂಡು ಮಾರಿ ಬಂದ ರೈತ. ಅವರಿಗೆ ಹತ್ತು ಗ್ರಾಂ ಕಡಿಮೆ ಕೊಟ್ಟರೆ ರಾತ್ರಿ ನಿದ್ದೆ ಬಾರದು. ತೆರಿಗೆಗೆ ಮುಖವಿಲ್ಲ ಅಂದುಕೊಂಡಿದ್ದೆ. ಲಾರಿಯ ಕೆಳಗೆ ಮಲಗಿದವನ ಮುಖವನ್ನು ಈ ಲೆಕ್ಕಕ್ಕೆ ನಾನು ಸೇರಿಸಲೇ ಇಲ್ಲ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಚೆಕ್‌ಪೋಸ್ಟುಗಳಲ್ಲಿ ತೆರಿಗೆಯ ಕಟ್ಟೆ ಎತ್ತಿದರು. ಸಿ-ಫಾರಮ್ಮಿನ ಕಾಟವೂ ನಮ್ಮಂಥವರಿಗೆ ಮುಗಿಯಿತು. ಗಡಿಯಾಚೆ ಕಟ್ಟಿದ್ದು ಗಡಿಯೀಚೆ ಲೆಕ್ಕಕ್ಕೆ ಸಿಗತೊಡಗಿತು. ನಲವತ್ತು ವರ್ಷ ನಾನು ಹೇಳಿಕೊಂಡ ದೂರಿಗೆ ಒಂದೇ ರಾತ್ರಿಯಲ್ಲಿ ಪರಿಹಾರ. ಆದರೆ ಅದಕ್ಕೆ ಮುಂಚೆ ಜೂನ್ 30ರ ದಿನದ ಸ್ಟಾಕು ಒಪ್ಪಿಸಬೇಕು ಅಂತ ಆಡಿಟರ್ ಆಫೀಸಿನಿಂದ ಒಬ್ಬ ಹುಡುಗಿಯನ್ನು ಕಳಿಸಿದರು. ಲ್ಯಾಪ್‌ಟಾಪ್ ತೆರೆದು ಕೂತು ಕೇಳಿದಳು: ‘ಸಾರ್, ಹಿತ್ತಾಳೆಗೆ ಯೂನಿಟ್ ಏನು ಹಾಕಲಿ? ಕೆಜಿಎಸ್ಸಾ, ನಂಬರ್ಸಾ?’ ಹೊಸ ಪದ್ಧತಿಯಲ್ಲಿ ಪ್ರತಿ ಸರಕಿಗೂ ಅಳತೆಯ ಒಂದು ಸಂಕೇತವಿದೆ. ಕೆಜಿಯೋ, ನಗವೋ, ಮೀಟರೋ, ಇಂಥದ್ದೇ ಅಂತ ಮೊದಲೇ ಹೇಳಬೇಕು. ಬಂಡಲ್ ಎ‌ಣಿಸಿ ತೂಕ ಮುಚ್ಚಿಡುವ ನನ್ನ ಇಡೀ ವಿದ್ಯೆ ಆ ಒಂದು ಪ್ರಶ್ನೆಯಲ್ಲಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ‘ಕೆಜಿ ಹಾಕಮ್ಮ’ ಅಂದೆ.

ಎರಡು ರಾತ್ರಿ ಅಂಗಡಿ ಮತ್ತು ಅಟ್ಟದಲ್ಲಿದ್ದ ಎಲ್ಲವನ್ನೂ ತೂಗಿದೆವು. ನನ್ನದೇ ಕಾಟಾ, ಆ ವರ್ಷದ ಮುದ್ರೆ ಬಿದ್ದದ್ದು. ಪುಸ್ತಕದಲ್ಲಿದ್ದದ್ದಕ್ಕಿಂತ 312 ಕೆಜಿ ಹಿತ್ತಾಳೆ ಹೆಚ್ಚಿಗೆ ಬಂತು. ಹಂಡೆಗಳ ತಂತಿ ಕಳೆದು. ಚೀಟಿಯಲ್ಲಿ ತಂದು, ಚೀಟಿಯಲ್ಲಿ ಮಾರಿ, ಮಾರದೆ ಉಳಿದದ್ದು ವರ್ಷ ವರ್ಷ ಅಟ್ಟ ಸೇರಿ ಅಷ್ಟಾಗಿತ್ತು. ಹುಡುಗಿ ಎರಡು ಸಲ ಕೂಡಿಸಿದಳು.

‘ಸಾರ್, ಇದರ ಪರ್ಚೇಸ್ ಬಿಲ್ಲು?’

‘ಹಳೇ ಮಾಲಮ್ಮ ಅದು. ಅಪ್ಪನ ಕಾಲದ್ದು.’

ಅಂಗಡಿಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಅಪ್ಪ ನೋಡುತ್ತಲೇ ಇದ್ದರು. ಜೀವಮಾನವಿಡೀ ಹಂಡೆಯ ತಂತಿ ಕಳೆದು ತೂಗಿದವರ ತಲೆಯ ಮೇಲೆ 312 ಕೆಜಿ ಹೊರಿಸಿದೆ. ಹುಡುಗಿ ಬರೆದುಕೊಳ್ಳಲಿಲ್ಲ, ‘ಬಿಲ್ ಇಲ್ಲದ್ದನ್ನ ಬಿಟ್ಟುಬಿಡ್ತೀನಿ ಸಾರ್, ನೀವು ನಮ್ಮ ಸಾರನ್ನ ಕೇಳಿ’ ಅಂದಳು. ಅವಳು ಹೋದ ಮೇಲೆ ಕಾಟಾದ ಮುಂದೆ ಒಬ್ಬನೇ ಕೂತಿದ್ದೆ. ತೆರಿಗೆ ಉಳಿಸಿದೆ, ತೆರಿಗೆ ಉಳಿಸಿದೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆನಲ್ಲ, ನಾನು ನಿಜವಾಗಿ ಕೈಹಾಕಿದ್ದು ಯಾವುದಕ್ಕೆ? ತೆರಿಗೆಯ ದರ ನಾನು ತಿದ್ದಲಿಲ್ಲ, ಬೆಲೆಯನ್ನೂ ತಿದ್ದಲಿಲ್ಲ. ಪ್ರತಿ ಸಲ ತಿದ್ದಿದ್ದು ತೂಕವನ್ನು. ಐವತ್ತೆರಡನ್ನು ಮೂವತ್ತು ಮಾಡಿದ್ದನ್ನು ಅಪ್ಪನ ಭಾಷೆಯಲ್ಲಿ ಹೇಳುವುದಾದರೆ ತೂಕದ ಮೋಸ. ಹತ್ತು ಗ್ರಾಮಿನದಲ್ಲ, ಬಂಡಲ್ಲಿಗೆ ಇಪ್ಪತ್ತೆರಡು ಕೆಜಿಯದು. ತಕ್ಕಡಿಗೆ ಕೈ ತಾಗಿಸದೆ ಮಾಡಿದೆ, ಅಷ್ಟೇ.

ಮರುವರ್ಷ ಅಮೆರಿಕಕ್ಕೆ ಹೋದೆವು. ಮಗಳ ಮನೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಎಂಬ ಊರಲ್ಲಿ. ಕೆನಡಾದ ವ್ಯಾಂಕೂವರ್ ಬೇರೆ. ಅಲ್ಲಿ ಅಂಗಡಿಯಲ್ಲಿ ಚೀಟಿ ಅಂಟಿಸಿದ ಬೆಲೆ ಕೊನೆಯ ಬೆಲೆಯಲ್ಲ. ಮೊದಲ ದಿನ ಚಿಲ್ಲರೆ ಎಣಿಸಿ ಸರಿಯಾಗಿ ಕೊಟ್ಟರೆ ಇನ್ನೂ ಕೊಡಿ ಅಂದರು. ಮಾರಾಟ ತೆರಿಗೆ ಆಮೇಲೆ ಸೇರುತ್ತದೆ. ನಮ್ಮಲ್ಲಿ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಬರೆಯಲೇಬೇಕು, ಅದು ಅಳತೆಯ ಕಾನೂನಿನೊಳಗೇ ಇದೆ. ಅಲ್ಲಿ ಪೊಟ್ಟಣದ ಮೇಲೆ ತೂಕ ಔನ್ಸಿನಲ್ಲೂ ಗ್ರಾಮಿನಲ್ಲೂ ಎರಡು ಸಲ ಬರೆದಿರುತ್ತಾರೆ, ತೆರಿಗೆಯನ್ನು ಒಂದು ಸಲವೂ ಇಲ್ಲ. ನನಗೆ ಇದು ವಿಚಿತ್ರವಾಗಿ ಕಂಡಿತು. ಆಮೇಲೆ ಯೋಚಿಸಿದರೆ, ಅವರು ಕಟ್ಟುವ ತೆರಿಗೆ ಅವರ ಕಣ್ಣಿಗೆ ಬೀಳುತ್ತದೆ, ನಮ್ಮದು ಬೆಲೆಯೊಳಗೆ ಕರಗಿಹೋಗಿರುತ್ತದೆ. ಯಾವುದು ಒಳ್ಳೆಯದೋ, ನನಗೆ ಇನ್ನೂ ಗೊಂದಲ.

ಒಂದು ಭಾನುವಾರ ಮಗಳು ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕು ಅಂತ ಕಾರು ಹತ್ತಿಸಿದಳು. ಕೊಲಂಬಿಯಾ ನದಿಯ ಸೇತುವೆ ದಾಟಿದರೆ ಪೋರ್ಟ್‌ಲೆಂಡ್, ಅದು ಆರೆಗನ್ ರಾಜ್ಯ. ಆರೆಗನ್ನಿನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಈಚೆ ವಾಷಿಂಗ್ಟನ್ನಿನಲ್ಲಿ ರಾಜ್ಯದ ಶೇ 6.5, ಸ್ಥಳೀಯದ್ದು ಸೇರಿ ಎಂಟಕ್ಕೆ ಮೇಲೆ. ವಾಷಿಂಗ್ಟನ್ನಿನಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ, ಆರೆಗನ್ನಿನಲ್ಲಿ ಅದಿದೆ. ‘ಅದಕ್ಕೇ ಅಪ್ಪ, ಮನೆ ಈ ದಡದಲ್ಲಿ, ಶಾಪಿಂಗ್ ಆ ದಡದಲ್ಲಿ’ ಅಂದಳು. ಸೇತುವೆಯ ಮೇಲೆ ಚೆಕ್‌ಪೋಸ್ಟ್ ಇರಲಿಲ್ಲ, ಡಬ್ಬ ಬಿಚ್ಚಿ ನೋಡುವವರೂ ಇರಲಿಲ್ಲ.

ಸಂಜೆ ಅಳಿಯ ಹೇಳಿದ: ಆರೆಗನ್ನಿನಲ್ಲಿ ಕೊಂಡು ವಾಷಿಂಗ್ಟನ್ನಿಗೆ ತಂದು ಬಳಸುವ ವಸ್ತುವಿಗೆ ‘ಯೂಸ್ ಟ್ಯಾಕ್ಸ್’ ಅಂತ ಇದೆಯಂತೆ, ಅಷ್ಟೇ ದರ. ಯಾರೂ ಬಂದು ಕೇಳುವುದಿಲ್ಲ, ತಂದವರೇ ಲೆಕ್ಕ ಬರೆದು ಕಟ್ಟಬೇಕು. ನಾನು ಮಗಳ ಮುಖ ನೋಡಿದೆ.

‘ಕಟ್ತೀಯೇನಮ್ಮ?’

ಅವಳು ನಕ್ಕಳು. ‘ಯಾರು ಕಟ್ತಾರಪ್ಪ? ಅದು ಗೌರ್ಮೆಂಟಿಂದು.’

ಅಪ್ಪನ ಮಾತು ಮೂರನೇ ತಲೆಮಾರಿನ ಬಾಯಲ್ಲಿ, ನದಿಯ ಈ ದಡದಲ್ಲಿ, ಅದೇ ಧಾಟಿಯಲ್ಲಿ. ಬುದ್ಧಿ ಹೇಳೋಣ ಅಂತ ಬಾಯಿ ತೆರೆದೆ. ನೂರು ಪುಟದ ಆ ನೋಟುಬುಕ್ಕು ಅಡ್ಡ ಬಂತು. ಟಿವಿ ಹಾಕು ಅಂದೆ.

ಅಟ್ಟದ 312 ಕೆಜಿಯ ವಿಷಯ ಬಾಕಿ ಇದೆ. ಅದನ್ನು ಲೆಕ್ಕಕ್ಕೆ ತೋರಿಸಿ, ಕಟ್ಟಬೇಕಾದ್ದು ಕಟ್ಟಿ ಕೈತೊಳೆದುಕೊಳ್ಳೋಣ ಅಂತ ಆಡಿಟರ್ ಹತ್ತಿರ ಎರಡು ಸಲ ಹೋದೆ. ಎರಡು ಸಲವೂ ಬೇರೆ ಏನೋ ಮಾತಾಡಿ ಕಾಫಿ ಕುಡಿದು ಬಂದೆ. ಐದು ವರ್ಷ ಅದು ಅಟ್ಟದಲ್ಲೇ ಇತ್ತು. ಅಂಗಡಿ ಮುಚ್ಚುವಾಗ ಉಳಿದ ಸರಕನ್ನೆಲ್ಲ ಬಿಲ್ ಹಾಕಿ ಇನ್ನೊಬ್ಬರಿಗೆ ವಹಿಸಿದೆ. ಇದನ್ನು ಮಾತ್ರ ಒಂದು ಮಧ್ಯಾಹ್ನ, ಬೀದಿ ಖಾಲಿ ಇದ್ದ ಹೊತ್ತಿನಲ್ಲಿ, ಗೋಣಿ ಮುಚ್ಚಿದ ಗಾಡಿಯಲ್ಲಿ ಹಾಕಿಸಿಕೊಂಡು ಗುಜರಿಯವನ ಹತ್ತಿರ ಹೋದೆ. ಕರಗಿಸಿದರೆ ಹಿತ್ತಾಳೆಗೆ ಬಿಲ್ಲಿನ ಗುರುತು ಉಳಿಯುವುದಿಲ್ಲವಲ್ಲ.

ಅವನು ಎಲೆಕ್ಟ್ರಾನಿಕ್ ಕಾಟಾದ ಮೇಲೆ ಕಂತು ಕಂತಾಗಿ ತೂಗಿ ಕೂಡಿಸಿದ. 308.

‘ನಾಲ್ಕು ಕೆಜಿ ಕಡಿಮೆ ಬರ್ತಿದೆ’ ಅಂದೆ. ನನ್ನದೇ ಕಾಟಾದಲ್ಲಿ ತೂಗಿಸಿ ಬರೆದುಕೊಂಡಿದ್ದ ಚೀಟಿ ತೆಗೆದೆ. ಬಗ್ಗಿ ಅವನ ಕಾಟಾದ ಮೈಯೆಲ್ಲ ನೋಡಿದೆ. ಮುದ್ರೆಯ ಗುರುತು ಎಲ್ಲೂ ಇರಲಿಲ್ಲ. ‘ಯಾವ ವರ್ಷ ಮುದ್ರೆ ಹಾಕಿಸಿದ್ದೀಯ? ವರ್ಷಕ್ಕೊಂದು ಸಲ ಹಾಕಿಸಬೇಕು ಅಂತ ಗೊತ್ತಾ? ಇಲಾಖೆಗೆ ಒಂದು ಅರ್ಜಿ ಬರೆದರೆ ಏನಾಗುತ್ತೆ ಗೊತ್ತಾ?’ ದನಿ ನನಗೇ ಅರಿಯದೆ ಏರಿತ್ತು. ಅಪ್ಪನ ಕಾಲ, ಸೀಸದ ಗುಳಿ, ಹಂಡೆಯ ತಂತಿ, ಎಲ್ಲ ಬಂತು ಆ ಮಾತಿನಲ್ಲಿ. ಕೆಲಸದ ಹುಡುಗರು ಸುತ್ತಿಗೆ ಕೆಳಗಿಟ್ಟು ನೋಡುತ್ತಿದ್ದರು.

ಗುಜರಿಯವನು ಸಿಟ್ಟಾಗಲಿಲ್ಲ. ಎಲೆಅಡಿಕೆ ಉಗಿದು ಬಂದು ಹೇಳಿದ: ‘ಯಜಮಾನ್ರೇ, ಇದರ ಬಿಲ್ಲು ತಗೊಂಡು ಬನ್ನಿ. ನಿಮ್ಮ ತೂಕಾನೇ ಹಾಕ್ತೀನಿ.’

ಬೀಡಿ ಕಟ್ಟಿನ ಕಾಗದದ ಹಿಂದೆ 308 ಅಂತ ಬರೆದು ಕೊಟ್ಟ. ದುಡ್ಡು ಎಣಿಸಿಕೊಂಡೆ.